ತೋಪಿನಮ್ಮನನ್ನು ಒಪ್ಪಿಸಲು ಹೋದದ್ದು

ಬಾಯಲ್ಲಿ ಹೇಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜನರನ್ನು ಒಪ್ಪಿಸುವುದು ನನ್ನ ಕೆಲಸ. ಕಂಪನಿಗೆ ಸರ್ಕಾರದ ಅನುಮತಿ ಬೇಕು, ಊರವರು ಅಡ್ಡ ನಿಂತಿದ್ದಾರೆ, ಅಧಿಕಾರಿಗಳು ಮೀನಮೇಷ ಎಣಿಸುತ್ತಿದ್ದಾರೆ ಅನ್ನಿ, ಆಗ ನಮ್ಮಂಥವರನ್ನು ಕರೆಯುತ್ತಾರೆ. ಪಬ್ಲಿಕ್ ಅಫೇರ್ಸ್ ಅಂತ ಇದಕ್ಕೆ ದೊಡ್ಡ ಹೆಸರಿದೆ. ಗುಬ್ಬಿಯಲ್ಲಿರುವ ನಮ್ಮಮ್ಮ ಸರಸ್ವತಮ್ಮ ಮಾತ್ರ ಅಕ್ಕಪಕ್ಕದವರಿಗೆ, "ನಮ್ಮ ವಿಭಾ ಮಾತಾಡೋ ಕೆಲಸದಲ್ಲಿದಾಳೆ" ಎಂದುಬಿಡುತ್ತಾಳೆ. ಅವಳು ಹೇಳಿದ್ದೇ ಸರಿ. ಮಾತೊಂದೇ ನನ್ನ ಬಂಡವಾಳ.

ಉಪ್ಪಾರಹಳ್ಳಿಯ ನಮ್ಮ ಆಫೀಸಿನ ಯಜಮಾನ ಶ್ರೀಕರ ಈ ವಿದ್ಯೆ ಕಲಿಸಿದವನು. ನಿಜವಾಗಿ ತೀರ್ಮಾನ ಮಾಡುವವರು ಯಾರು ಅಂತ ಮೊದಲು ಪತ್ತೆ ಹಚ್ಚಬೇಕು. ಅವರೆದುರು ಕೂತಾಗ ನಾವಾಗಿ ಇಂಥದ್ದು ಕೊಡುತ್ತೇವೆ ಅನ್ನಬಾರದು. "ನಿಮಗೇನು ಬೇಕೋ ಹೇಳಿ" ಎಂದು ಸುಮ್ಮನಾಗಬೇಕು. ಜನ ಯಾವಾಗಲೂ ನಾವು ಹೆದರಿದ್ದಕ್ಕಿಂತ ಕಡಿಮೆಯನ್ನೇ ಕೇಳುತ್ತಾರೆ. ಒಂದು ಊರಿನವರು ಬಸ್ ನಿಲ್ದಾಣ ಕೇಳಿದರೆ ಇನ್ನೊಂದು ಊರಿನವರು ಶಾಲೆಗೆ ಸುಣ್ಣಬಣ್ಣ ಕೇಳಿ ಕೈ ಮುಗಿಯುತ್ತಾರೆ.

ಅಂತರಸನಹಳ್ಳಿಯ ಕಂಪನಿಯೊಂದಕ್ಕೆ ಗೋದಾಮು ಕಟ್ಟಲು ಕುಣಿಗಲ್ ಕಡೆಯ ಹಳ್ಳಿಯೊಂದರ ಗುಂಡುತೋಪು ಬೇಕಿತ್ತು. ಇದಾದರೆ ನಿನ್ನನ್ನು ಪಾಲುದಾರಳಾಗಿ ಮಾಡುತ್ತೇನೆ ಎಂದು ಶ್ರೀಕರ ಹೇಳಿದ್ದ. ಬೇರೆಯವರ ಮೀಟಿಂಗಿಗೆ ಬ್ಯಾಗು ಹೊತ್ತು ಸಾಕಾಗಿತ್ತು ನನಗೆ. ಬಾಗಿಲ ಮೇಲೆ ನನ್ನ ಹೆಸರು ಬೇಕೇ ಬೇಕು ಅನ್ನಿಸಿತು.

ಪಂಚಾಯ್ತಿ ಅಧ್ಯಕ್ಷ ಚಿಕ್ಕರಂಗಯ್ಯ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟ. "ನಮ್ದೇನಿಲ್ಲ ಮೇಡಂ. ತೋಪು ತೋಪಿನಮ್ಮಂದು. ಆಯಮ್ಮ ಬಲಗಡೆ ಹೂ ಕೊಟ್ರೆ ನಾಳೆನೇ ಠರಾವು ಮಾಡ್ತೀವಿ."

ತೀರ್ಮಾನ ಮಾಡುವವರು ಸಿಕ್ಕರಲ್ಲ ಎಂದು ಖುಷಿಯಾಯಿತು. ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ನಂಬಿಕೆಯಿಲ್ಲದವರಿಗೆ ಧೈರ್ಯ ಜಾಸ್ತಿ.

ಮಟಮಟ ಮಧ್ಯಾಹ್ನ. ಅಷ್ಟು ಮರಗಳಿದ್ದರೂ ತೋಪಿನಲ್ಲಿ ಒಂದು ಹಕ್ಕಿಯ ಸದ್ದಿಲ್ಲ. ಚಿಕ್ಕ ಗುಡಿಯೊಳಗೆ ಕಲ್ಲಿನ ಮೈತುಂಬ ಒದ್ದೆ ಕಣಗಿಲೆ ಅಂಟಿಸಿ ಪೂಜಾರಿ ಹೊನ್ನಯ್ಯ ಪಕ್ಕಕ್ಕೆ ಸರಿದ. "ಮನ್ಸಲ್ಲಿರೋದ್ನ ಬಾಯ್ಬಿಟ್ಟು ಕೇಳವ್ವ."

ಅಭ್ಯಾಸಬಲ ನೋಡಿ. ತೋಪಿನ ವಿಷಯ ನೇರವಾಗಿ ಎತ್ತುವ ಮೊದಲು ಎದುರಿನವರನ್ನು ಒಲಿಸಿಕೊಳ್ಳೋಣ ಅನ್ನಿಸಿತು. "ತಾಯೀ, ನಿನಗೇನು ಬೇಕೋ ಕೇಳು. ನಾನು ಕೊಡ್ತೀನಿ" ಎಂದು ಸುಮ್ಮನಾದೆ.

ಮಾತು ಮುಗಿಯುತ್ತಿದ್ದಂತೆ ಬಲಗಡೆಯ ಹೂ ಕೆಳಗೆ ಬಿತ್ತು.

ಆಮೇಲೆ ತೋಪನ್ನು ಕೇಳಿದೆ. ಒಂದು ಎಸಳೂ ಅಲುಗಲಿಲ್ಲ.

ಹೊನ್ನಯ್ಯನ ಮುಖ ಬಿಳಿಚಿಕೊಂಡಿತ್ತು. "ಸೀರೆನೋ ಗಂಟೆನೋ ಹೆಸರು ಹೇಳಿ ಹರಕೆ ಹೊತ್ಕೋಬೇಕು ಕಣವ್ವ. ಖಾಲಿ ಬುಟ್ರೆ ಆಯಮ್ಮ ತಾನೇ ತುಂಬ್ಕೋತಾಳೆ."

ಹೊರಗೆ ಕಾಯುತ್ತಿದ್ದ ಊರವರಿಗೆ, "ಬಲಕ್ಕೆ ಬಿತ್ತು" ಎಂದೆ. ಸುಳ್ಳೇನಲ್ಲವಲ್ಲ. ಅವರು ಠರಾವು ಮಾಡಿದರು. ಹೊನ್ನಯ್ಯ ತಲೆ ತಗ್ಗಿಸಿ ಗುಡಿಗೆ ಬೀಗ ಹಾಕಿಕೊಂಡ.

ಸಂಭ್ರಮದಲ್ಲಿ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮ, ಕೆಲಸ ಆಯ್ತು ಕಣೇ!"

ಆ ಕಡೆಯಿಂದ ಅಮ್ಮ ಕೇಳಿದಳು, "ಯಾರಮ್ಮ ನೀವು? ವಿಭಾ ಕೈಗೆ ಫೋನ್ ಕೊಡಿ."

ನೆಟ್‌ವರ್ಕ್ ಸರಿಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೊನೆಯ ಸಭೆ ತುಮಕೂರಿನಲ್ಲಿ. ಅಧಿಕಾರಿಗಳು, ಕಂಪನಿಯವರು, ಪಕ್ಕದಲ್ಲಿ ಶ್ರೀಕರ. ಎಷ್ಟು ಜನಕ್ಕೆ ಉದ್ಯೋಗ ಸಿಗುತ್ತದೆ ಎಂದು ಶುರುಮಾಡಲು ಎದ್ದು ನಿಂತೆ. ನನ್ನ ಬಾಯಿಂದ ಬಂದದ್ದು ಯಾರೋ ಮುದುಕಿಯ ದನಿ.

"ನನ್ ನೆಳ್ಳಲ್ಲಿ ದನ ಮಲಿಕ್ಕಂಡವೆ. ನೋವು ತಗಂಡ ಹೆಂಗ್ಸು ಗಾಡಿ ನಿಲ್ಸಿ ಇಲ್ಲೇ ಹೆತ್ತವ್ಳೆ. ಎಲ್ರೂ ದಣಿವಾರಿಸ್ಕಂಡು ಎದ್ದೋದ್ರು. ನಾನೆಲ್ಲಿಗೋಗ್ಲಪ್ಪ?"

ತಡೆಯಲು ನೋಡಿದೆ. ತುಟಿ ಕಚ್ಚಿಕೊಂಡೆ, ರಕ್ತ ಬಂತು, ಮಾತು ನಿಲ್ಲಲಿಲ್ಲ. ಮೊಬೈಲ್ ನೋಡುತ್ತಿದ್ದವರು ತಲೆ ಎತ್ತಿದರು. ಹಿರಿಯ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜ ಹೇಳುತ್ತೇನೆ, ಆ ಭಯದಲ್ಲೂ ನನ್ನ ಹೊಟ್ಟೆ ಉರಿಯಿತು. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ತೋಪು ಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

"ಯಾರ ಕಡೆ ಕೆಲಸ ಮಾಡ್ತಿದೀಯ ನೀನು?" ಕಾರಿಡಾರಿನಲ್ಲಿ ಶ್ರೀಕರ ಹಲ್ಲು ಕಡಿದ. ಅವನನ್ನು ಅಲ್ಲೇ ಬಿಟ್ಟು ಗುಬ್ಬಿ ಬಸ್ಸು ಹತ್ತಿದೆ. ಅಮ್ಮನ ಮಡಿಲಲ್ಲಿ ತಲೆಯಿಟ್ಟರೆ ಸರಿಹೋಗುತ್ತದೆ ಅನ್ನಿಸಿತ್ತು.

ಅಮ್ಮ ಬಾಗಿಲು ತೆರೆದು ನಕ್ಕಳು. "ಏನೇ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?"

ಅಮ್ಮ, ಭಯ ಆಗ್ತಿದೆ ಅನ್ನಲು ಬಾಯಿ ತೆರೆದೆ.

"ಬಿಸ್ಲಲ್ಲಿ ಬಂದಿವ್ನಿ. ಒಂದ್ ಚೊಂಬು ನೀರು ಕೊಡವ್ವ."

ಅಮ್ಮನ ನಗು ಆರಿತು. ಒಳಗೆ ಹೋಗಿ ನೀರು ತಂದಳು. ಸೆರಗು ಹೊದ್ದುಕೊಂಡು, ಎರಡೂ ಕೈಯಲ್ಲಿ ಚೊಂಬು ಹಿಡಿದು ನೀಡಿದಳು. ಹೆತ್ತ ಮಗಳಿಗೆ ಯಾರೂ ಹಾಗೆ ನೀರು ಕೊಡುವುದಿಲ್ಲ.

"ತಾಯೀ," ಅಮ್ಮ ಕೈ ಮುಗಿದಳು, "ನನ್ನ ಮಗಳು ಎಲ್ಲಿ?"

ಅವಳ ಭುಜ ಹಿಡಿದು ಅಲುಗಿಸಿದೆ. ಇಲ್ಲೇ ಇದೀನಿ, ನೋಡೇ ಅಮ್ಮ, ನಾನೇ ಎಂದು ಒಳಗೊಳಗೇ ಕಿರುಚಿದೆ. ಕೆನ್ನೆ ಮೇಲೆ ಹರಿಯುತ್ತಿದ್ದದ್ದು ನನ್ನದೇ ಕಣ್ಣೀರು. ಬಾಯಿ ಮಾತ್ರ ನಿಧಾನವಾಗಿ, ಸಮಾಧಾನ ಮಾಡುವಂತೆ ಹೇಳಿತು:

"ಅಳ್ಬ್ಯಾಡ ಕಣವ್ವ. ನಂತಾವ ಕೆಲ್ಸಕ್ಕೆ ಸೇರ್ಕಂಡವ್ಳೆ."