ಬ್ಯಾಟರಿ ಬಿಚ್ಚಬೇಡ

ಚಾಪೆಯ ಮೇಲೆ ಮಲಗಿಸಿದ್ದ ಗಂಡನ ಮೈಮೇಲಿನ ಅಂಗಿಗೆ ಎರಡನೇ ಗುಂಡಿ ಹಾಕುತ್ತಿದ್ದವಳು ಬಾಗಿಲಲ್ಲಿ ಯಾರೋ ಕೆಮ್ಮಿದ್ದು ಕೇಳಿ ತಲೆಯೆತ್ತಿದಳು. ಆಸ್ಪತ್ರೆಯ ಎಲೆಕ್ಟ್ರಿಷಿಯನ್. ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಗಂಡನ ಜೊತೆ ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು, ಈಗ ಹೊಸ್ತಿಲು ದಾಟಲಾರದೆ ನಿಂತಿದ್ದ.

“ಒಳಗೆ ಬನ್ನಿ,” ಎಂದಳು. ಮೊನ್ನೆಯಿಂದ ಅವಳ ದನಿ ಅವಳಿಗೇ ಯಾರದೋ ಅನ್ನಿಸುತ್ತಿತ್ತು. ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆಯೂ ಬಂದಿರಲಿಲ್ಲ.

“ಅಕ್ಕಾ, ಕೇಳೋಕೆ ನಾಲಿಗೆ ಏಳ್ತಿಲ್ಲ. ಮೊನ್ನೆ ಸಂಜೆ ಕರೆಂಟು ಹೋಗಿ ಬಂತಲ್ಲ, ಆ ಏಟಿಗೆ ಸ್ಕ್ಯಾನು ಉಳಿಸೋ ಕಂಪ್ಯೂಟರಿನ ಡಿಸ್ಕುಗಳನ್ನ ನಡೆಸೋ ಕಾರ್ಡು ಸುಟ್ಟೋಯ್ತು. ಅದನ್ನ ನೋಡೋಕೆ ಅಂತಲೇ ಇವರು ಮೆಟ್ಟಿಲು ಹತ್ತಿ ಓಡಿದ್ದು...”

ಮೂರನೇ ಮಹಡಿಯಲ್ಲಿ ಕುಸಿದವರು ಮತ್ತೆ ಏಳಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ.

“ಹನ್ನೊಂದು ಜನರ ಸ್ಕ್ಯಾನು ಡಿಸ್ಕಿಗೆ ಇಳಿದೇ ಇಲ್ಲ. ಕಾರ್ಡಿನ ಮೇಲಿರೋ ಮೆಮೊರಿಯಲ್ಲೇ ನಿಂತಿದೆ. ಬ್ಯಾಟರಿ ಎರಡು ದಿನ ಹಿಡ್ಕೊಂಡಿರತ್ತೆ, ಇವತ್ತು ಸಂಜೆ ಆರಕ್ಕೆ ಮುಗಿಯತ್ತೆ. ಅಂಥ ಕಾರ್ಡು ಈಗ ಎಲ್ಲೂ ಸಿಗಲ್ಲ. ಒಂದು ಮನೇಲಿಟ್ಟಿದೀನಿ ಅಂತಿದ್ರು ಇವರು.”

ಅಣ್ಣನ ಮುಖ ಕೊನೆಯ ಸಲ ನೋಡಲು ಎರಡು ದಿನದ ದಾರಿ ಸವೆಸಿ ಬಂದಿದ್ದ ಮೈದುನ ಸಿಡಿದೆದ್ದ. “ಏನ್ರೀ ಇದು? ಅಣ್ಣ ಇನ್ನೂ ಮನೇಲೇ ಇದಾನೆ, ಸಾಮಾನು ಕೇಳೋಕೆ ಬಂದ್ರಾ? ನಾಲ್ಕಕ್ಕೆ ಗಾಡಿ ಬರತ್ತೆ. ಆಮೇಲೆ ನೋಡೋಣ.”

“ಆಮೇಲೆ ಹೊತ್ತಿರಲ್ಲ.” ಎಲೆಕ್ಟ್ರಿಷಿಯನ್ ಜೇಬಿನಿಂದ ಹೊಸ ಬ್ಯಾಟರಿಯೊಂದನ್ನು ತೆಗೆದ. “ಹೋಗಲಿ, ಕಾರ್ಡು ಸಿಗದಿದ್ರೆ ಹಳೇ ಬ್ಯಾಟರಿ ಕಿತ್ತು ಇದನ್ನ ಹಾಕ್ತೀನಿ. ಇನ್ನೂ ಎರಡು ದಿನ ಸಿಕ್ಕಂಗಾಯ್ತು.”

ಅವಳ ಕೈ ಗುಂಡಿಯ ಮೇಲೆಯೇ ನಿಂತಿತು.

*

ಹದಿನಾಲ್ಕು ವರ್ಷದ ಹಿಂದೆ ಗಂಡ ಮಾಡಿದ್ದೂ ಅದನ್ನೇ. ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸುವ ನಡುವೆ ಒಂದು ಉಸಿರಿನ ಹೊತ್ತು, ಅಷ್ಟೇ. ಒಂಬತ್ತು ಜನರ ಸ್ಕ್ಯಾನು ಅಳಿಸಿಹೋಗಿತ್ತು. ಎಂಟು ಜನ ಗೊಣಗುತ್ತಾ ಮತ್ತೆ ಬಂದು ತೆಗೆಸಿಕೊಂಡರು. ಒಂಬತ್ತನೆಯವಳು ದೂರದವಳು, ಬರಲೇ ಇಲ್ಲ. ಏನಾದಳೋ ಗೊತ್ತಾಗಲಿಲ್ಲ. ಆ ವಾರವೆಲ್ಲ ಅವನು ತಟ್ಟೆಯ ಮುಂದೆ ಕೂತು ಹಾಗೇ ಎದ್ದುಹೋಗುತ್ತಿದ್ದ.

“ಅದೇನು ಅಂಥ ತಪ್ಪು?” ಎಂದು ಅವಳು ಹೊಲಿಗೆ ಯಂತ್ರದ ಮುಂದಿನಿಂದಲೇ ಕೇಳಿದ್ದಳು.

“ನೀನು ಬಟ್ಟೆ ಮೇಲೆ ಸೀಮೆಸುಣ್ಣದ ಗೆರೆ ಎಳೀತೀಯಲ್ಲ, ಹಾಗೆ. ಹೊಲಿಗೆ ಬೀಳೋವರೆಗೂ ಅದನ್ನ ಕಾಯಬೇಕು. ನಾನು ಒರೆಸಿಬಿಟ್ಟೆ ಕಣೇ.”

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ಬ್ಯಾಟರಿ ಬಿಚ್ಚಬಾರದು, ಮೆಮೊರಿ ಸಮೇತ ಎತ್ತಬೇಕು. “ಇನ್ನೊಂದು ಸಲ ಹೇಳಿದ್ರೆ ಅದನ್ನೇ ಕಟ್ಕೊಳ್ಳಿ,” ಎಂದು ಅವಳು ಸಾರು ಬಡಿಸುತ್ತಿದ್ದಳು.

*

ಅವಳು ಎದ್ದು ಹೊಲಿಗೆ ಯಂತ್ರದ ಖಾನೆ ಎಳೆದಳು. ಗುಂಡಿ ಡಬ್ಬಿಯ ಕೆಳಗೆ, ಅವಳೇ ಹೊಲಿದ ಚೀಲದೊಳಗೆ ಕಾರ್ಡು ಬೆಚ್ಚಗಿತ್ತು.

“ಬ್ಯಾಟರಿ ಬಿಚ್ಚಬೇಡಿ. ಮೆಮೊರಿ ಸಮೇತ ಒಟ್ಟಿಗೇ ಎತ್ತಿ ಇದರ ಮೇಲೆ ಕೂರಿಸಿ.”

ಅವನು ಬೆಪ್ಪಾಗಿ ನೋಡಿದ. ಹೊಸ ಬ್ಯಾಟರಿ ಜೇಬಿಗೆ ವಾಪಸ್ಸು ಹೋಯಿತು. “ನಾನೂ ಹೆಗಲು ಕೊಡಬೇಕಿತ್ತು ಅಕ್ಕಾ.”

“ಹೆಗಲಿಗೆ ಜನ ಇದಾರೆ. ನೀವು ಹೋಗಿ.”

“ಒಂದು ಹನಿ ಕಣ್ಣೀರಿಲ್ಲ, ಕಾರ್ಡಂತೆ! ನಿಮ್ಮದು ಕಲ್ಲೆದೆ ಅತ್ತಿಗೆ,” ಎಂದ ಮೈದುನ. ಅವಳು ಮೂರನೇ ಗುಂಡಿ ಹಾಕಿದಳು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಐದೂವರೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

“ಡಿಸ್ಕಿಗೆ ಬರ್ಕೊಳ್ತು ಅಕ್ಕಾ. ಹನ್ನೊಂದೂ ಇವೆ.”

“ಸರಿ,” ಎಂದು ಇಟ್ಟಳು.

ಹೊಲಿಗೆ ಮೇಜಿನ ಮೇಲೆ ಗಂಡನ ಹೊಸ ಪ್ಯಾಂಟು ಬಿದ್ದಿತ್ತು. ಮೊನ್ನೆ ಬೆಳಿಗ್ಗೆ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, “ಅಲ್ಲಾಡಬೇಡ್ರೀ,” ಎಂದು ಗದರಿ, ಉದ್ದ ಕಡಿಮೆ ಮಾಡಲು ಗೆರೆ ಎಳೆದಿದ್ದಳು. ಬಂದುಹೋದವರ ಕೈ ತಾಗಿ ಒಂದು ಕಾಲಿನ ಗೆರೆ ಅರ್ಧ ಮಾಸಿತ್ತು. ಅವಳು ಕೂತು ಯಂತ್ರದ ಸೂಜಿಗೆ ದಾರ ಪೋಣಿಸಿದಳು.

“ಇದೇನು ಅತ್ತಿಗೆ? ಇನ್ಯಾರು ಹಾಕ್ಕೋತಾರೆ ಇದನ್ನ?” ಎಂದು ಮೈದುನ ಹತ್ತಿರ ಬಂದ.

“ಮುಟ್ಟಬೇಡಿ. ಅಳಿಸಿಹೋಗತ್ತೆ.”

ತುಳಿದಳು. ನಾಲ್ಕು ಬೆರಳಿನಷ್ಟು ಹೊಲಿಗೆ ಬೀಳುವಷ್ಟರಲ್ಲಿ ಗೆರೆ ಕಾಣದಾಯಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಗೆರೆ ಮತ್ತೆ ಕಂಡಿತು, ಮತ್ತೆ ತುಳಿದಳು.