ಹಳದಿ ಹೊಟ್ಟೆಯ ಹಾವು

"ಹೊಸಾ ಹಾವು ಸಿಕ್ಕರ ಅದಕ್ಕ ನಿನ್ನ ಹೆಸರು ಇಡತೀನಿ ಯವ್ವಾ" ಎಂದು ಯಳವತ್ತಿಯ ಸಿದ್ದಾರೂಢ ತನ್ನ ಅವ್ವನಿಗೆ ಕಾಲೇಜು ಓದುವಾಗಲೇ ಮಾತು ಕೊಟ್ಟಿದ್ದ. ಅವನು ಹಾವು ಹಿಡಿದು ಮನೆಗೆ ತರುತ್ತಿದ್ದುದಕ್ಕೆ ಕಸಬರಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ ಗದಿಗೆವ್ವ, ಆ ಮಾತಿಗೆ ಕಸಬರಿಗೆ ಇಳಿಸಿದಳು.

ಈಗ ಅವನು ಲಕ್ಷ್ಮೇಶ್ವರದಲ್ಲಿ ಪ್ರಾಣಿಶಾಸ್ತ್ರದ ಮಾಸ್ತರ. ಹೋದ ವರ್ಷ ಮಾಗಡಿ ಕೆರೆ ಹತ್ತಿರ ಟ್ರ್ಯಾಕ್ಟರಿಗೆ ಸಿಕ್ಕು ಸತ್ತಿದ್ದ ಪಟ್ಟೆ ಹಾವೊಂದನ್ನು ಮನೆಗೆ ತಂದು, ಮೆತ್ತಿದ ಕೆಸರಿನ ಸಮೇತ ಸ್ಪಿರಿಟ್ ತುಂಬಿದ ಗಾಜಿನ ಭರಣಿಗೆ ಹಾಕಿ, ಪರೀಕ್ಷೆ ಕೆಲಸಕ್ಕೆ ಗದಗಕ್ಕೆ ಹೋದ. ಬಂದು ಕದಡಿದ ಸ್ಪಿರಿಟ್ಟಿನಿಂದ ತೆಗೆದು ತೊಳೆದು ನೋಡಿದರೆ ಹಾವಿನ ಹೊಟ್ಟೆ ಹಳದಿ. ಪುಸ್ತಕದಲ್ಲಿ ಈ ಜಾತಿಗೆ ಬಿಳಿ ಹೊಟ್ಟೆ. ಇದು ಹೊಸ ಉಪಜಾತಿಯೇ ಸೈ ಎಂದು ಅವ್ವನ ಹೆಸರಿಟ್ಟು ಬರೆದು ಕಳಿಸಿದ. ಗದಿಗೆವ್ವ ಓಣಿಗೆಲ್ಲ ಖಬರು ಮುಟ್ಟಿಸಿದಳು.

ಉಪಜಾತಿಯ ಮೂಲ ಲಕ್ಷಣ ಗುರುತಿಸಲು ಪರಿಣತರ ಸಮಿತಿ ಬಂತು. ಕೆರೆ ಸುತ್ತ ಹಿಡಿದ ಹಾವುಗಳಿಗೆಲ್ಲ ಬಿಳಿ ಹೊಟ್ಟೆ. ಸಮಿತಿ ಎದೆಗುಂದಲಿಲ್ಲ.

"ಇವೆಲ್ಲಾ ಬೆರಕಿ ಆಗ್ಯಾವ್ರಿ" ಎಂದರು ಸಮಿತಿಯ ಹಿರಿಯ ಡಾಕ್ಟರ್ ನಿಜಲಿಂಗಪ್ಪನವರು, ಸಿದ್ದಾರೂಢನ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ. "ಅಸಲ್ ಅಂದ್ರ ನಿಮ್ಮ ಭರಣ್ಯಾಗಿಂದು ಒಂದ."

ಸಿದ್ದಾರೂಢ ಚಹಾ ತರಲು ಒಳಗೆ ಹೋದ.

"ಹೊಟ್ಟಿ ಹೊಟ್ಟಿ ಅಂತ ಏನು ಹಚ್ಯಾರಲೇ?" ಎಂದಳು ಗದಿಗೆವ್ವ.

"ಹಳದಿ ಐತೆಲ್ಲ ಯವ್ವಾ, ಅದಕ್ಕ."

"ಅರಿಷಿಣ ಹಾಕಿದ ಮ್ಯಾಲೆ ಹಳದಿ ಆಗದ ಏನಾಕೈತಿ?"

ಸಿದ್ದಾರೂಢ ಹಿಡಿದ ಕಪ್ಪು ಕೆಳಗಿಟ್ಟ.

"ಮನಿಗೆ ಹೊಸಾದು ಬಂದ್ರ ಹಚ್ಚದ ಬಿಟ್ಟೀನೇನು? ನಿನ್ನ ಬೈಕಿಗೆ ಹಚ್ಚೀನಿ, ಫ್ರಿಜ್ಜಿಗೆ ಹಚ್ಚೀನಿ. ಗಾಜಿಗೆ ಹಚ್ಚಿದ್ರ ನಾಗಪ್ಪಗ ಹೆಂಗ ಮುಟ್ಟತೈತಿ ಅಂತ ಮುಚ್ಚಳ ತಗದು ಒಂದು ಹಿಡಿ ಒಳಗ ಹಾಕಿದೆ."

ಸ್ಪಿರಿಟ್ಟಿನಲ್ಲಿ ಅರಿಷಿಣ ಎಷ್ಟು ಚೆಂದ ಬಣ್ಣ ಬಿಡುತ್ತದೆಂದು ಅವನೇ ಹುಡುಗರಿಗೆ ತೋರಿಸಿದ್ದ.

"ಹಂಗಾದ್ರ ಅದು ಸಾದಾ ಹಾವು ಯವ್ವಾ."

"ಸಾದಾ ಹಾವಿಗೆ ನನ್ನ ಹೆಸರು ಇಡಂಗಿಲ್ಲೇನು?"

"ಅದಕ್ಕ ಆಗಲೇ ಬ್ಯಾರೆ ಹೆಸರೈತಿ."

ಗದಿಗೆವ್ವ ಚಹಾ ಸೋಸಿದಳು. "ಬೀಗರಿಗೂ ಹೇಳೀನಿ" ಎಂದಳು. ಮುಖ ಸಣ್ಣದಾಗಿತ್ತು.

"ಮಾಸ್ತರ, ಹೊಟ್ಟಿ ಬಣ್ಣ ಏನಂತ ಬರೀಲಿ?" ಹೊರಗಿನಿಂದ ನಿಜಲಿಂಗಪ್ಪನವರು ಕೇಳಿದರು. "ನಿಂಬಿಹಣ್ಣಿಂದೋ, ಸೇವಂತಿಗಿದೋ?"

ಸಿದ್ದಾರೂಢ ಚಹಾ ತಂದಿಟ್ಟ. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಅವನು ಅವಳನ್ನೊಮ್ಮೆ ನೋಡಿದ.

"ಅರಿಷಿಣದ್ದು ಅಂತ ಬರೀರಿ."

"ಭೇಷ್. ಎಷ್ಟು ಬರೋಬರಿ ಹೇಳಿದ್ರಿ" ಎಂದು ಅವರು ಸಹಿ ಹಾಕಿದರು.

ಮಾಗಡಿ ಕೆರೆಯ ಉಳಿದ ಹಾವುಗಳೆಲ್ಲ ಬೆರಕೆ ಎಂದು ತೀರ್ಮಾನವಾಯಿತು. ಹಾವಿಗೆ ಗದಿಗೆವ್ವನ ಹೆಸರು ಬಂತು. ಸಿದ್ದಾರೂಢ ಅವ್ವನಿಗೆ ಕೊಟ್ಟ ಮಾತು ನಡೆಸಿದ.