ಕ್ಷೌರದಂಗಡಿಯ ಕುನಿಯೊ ಕಳೆದುಕೊಂಡ ಎರಡನೆಯ ಗುಂಡಿ

೧

ಕೋಟಿನ ಗುಂಡಿಯಿಂದಲೇ ಶುರು ಹಚ್ಚಿಕೊಂಡಿದ್ದೆ. ‘ಕುನಿಯೊನ ಹಳೆಯ ಸ್ಕೂಲ್ ಕೋಟಿನಲ್ಲಿ ಎರಡನೆಯ ಗುಂಡಿ ಇರಲಿಲ್ಲ.’ ಸಾಲು ಚೆನ್ನಾಗಿದೆ, ಅಲ್ಲವೇ? ಆದರೆ ಕುನಿಯೊ ಯಾರು, ಅವನ ಕೋಟಿಗೆ ಗುಂಡಿ ಇಲ್ಲದಿದ್ದರೆ ಯಾರ ಗಂಟು ಹೋಯಿತು ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಹೊಡೆದುಹಾಕಿದೆ.

೨

ಕಡಲಿನಿಂದ ಶುರು ಮಾಡಲೇ? (ಬೇಡ. ಕಡಲು ಕಂಡಲ್ಲೆಲ್ಲ ಕಥೆಗಾರರಿಗೆ ತತ್ವ ಹೊಳೆಯುತ್ತದೆ.)

೩

ಸರಿ, ನೆಟ್ಟಗೆ ಹೇಳಿಬಿಡುತ್ತೇನೆ. ಜಪಾನಿನ ಹಾಮಸಾಕಿ ಎಂಬ ಕಡಲೂರು. ಅಲ್ಲಿ ಕುನಿಯೊ ಮತ್ತು ಅವನ ಹೆಂಡತಿ ಮಿನೆಕೊ ಕ್ಷೌರದಂಗಡಿ ನಡೆಸುತ್ತಾರೆ. ಇಬ್ಬರಿಗೂ ಅರವತ್ತರ ಆಸುಪಾಸು. ನಾನು ಅವರ ಹಳೆಯ ಗಿರಾಕಿ. ಹೋದ ವರ್ಷ ಹೈಸ್ಕೂಲ್ ಹುಡುಗ ಹುಡುಗಿಯ ಪ್ರೇಮದ ಅನಿಮೆ ಕಾರ್ಟೂನ್ ಸೀರಿಯಲ್ ಒಂದರಲ್ಲಿ ಈ ಊರಿನ ರೈಲು ಗೇಟು ಬಂದದ್ದೇ ತಡ, ಎಲ್ಲೆಲ್ಲಿಂದಲೋ ಹುಡುಗರು ಬಂದು ಗೇಟಿನ ಮುಂದೆ ಫೋಟೊ ತೆಗೆಸಿಕೊಳ್ಳತೊಡಗಿದರು. ಕೆಲವರು ಅಂಗಡಿಗೂ ನುಗ್ಗಿ, ಹೀರೋನ ಕಟಿಂಗೇ ಬೇಕೆಂದು ಪಟ್ಟುಹಿಡಿದು ಕೂತರು.

“ಲೇ, ಆ ಹುಡುಗನ ತಲೆ ಹಿಂದಿನಿಂದ ಹೇಗಿರುತ್ತೆ, ಸ್ವಲ್ಪ ನೋಡಿ ಹೇಳೇ,” ಅಂದ ಕುನಿಯೊ.

ಸೋಮವಾರ ಅಂಗಡಿಗೆ ರಜ. ಹುಡುಗನ ಹಿಂದಲೆ ನೋಡಲೆಂದು ಟಿವಿಯ ಮುಂದೆ ಕೂತ ಮಿನೆಕೊ ಎದ್ದದ್ದು ಸಂಜೆಗೆ. ಒಲೆಯ ಮೇಲಿಟ್ಟಿದ್ದ ಸಾರು ಸೀದುಹೋಗಿತ್ತು.

ನಾನೂ ಆ ಸೀರಿಯಲ್ ನೋಡಿದೆ. ಏನೂ ನಡೆಯುವುದಿಲ್ಲ. ಇಬ್ಬರೂ ಒಂದೇ ರೈಲು ಹತ್ತುತ್ತಾರೆ, ಇಳಿಯುತ್ತಾರೆ. ಹೇಳಬೇಕಾದ ಮಾತು ಗಂಟಲವರೆಗೆ ಬಂದಿರುತ್ತದೆ, ಅಷ್ಟರಲ್ಲಿ ಎಪಿಸೋಡ್ ಮುಗಿಯುತ್ತದೆ.

“ಅದರಲ್ಲಿ ಏನಿದೆ ಅಂತ ನೋಡ್ತೀರಿ, ಮಿನೆಕೊ ಅವ್ರೇ?” ಎಂದು ಕೇಳಿದೆ. (ಪಾತ್ರಗಳ ಜೊತೆ ಹರಟೆ ಹೊಡೆಯಬಾರದೆಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಬೇರೆ ಅಂಗಡಿಯಲ್ಲಿ ಕೂದಲು ತೆಗೆಸಿಕೊಳ್ಳಲಿ.)

“ಏನೂ ಇಲ್ಲ. ಅದಕ್ಕೇ ನೋಡ್ತೀನಿ,” ಅಂದಳು. “ನಮ್ದು ಹೇಗಾಯ್ತು ಗೊತ್ತಾ? ಮಧ್ಯಸ್ಥಗಾರ್ತಿ ಫೋಟೊ ತಂದ್ಲು. ಹೋಟೆಲಲ್ಲಿ ಎದುರುಬದುರು ಕೂರಿಸಿದ್ರು. ಚೆರ್ರಿ ಹೂ ಬಿಟ್ಟಾಗ ನೋಡಿದ್ದು, ಎಲೆ ಉದುರೋ ಹೊತ್ತಿಗೆ ಮದುವೆ. ನೀನಂದ್ರೆ ಇಷ್ಟ ಅಂತ ಅವ್ರು ಒಂದು ದಿನಾನೂ ಹೇಳಿಲ್ಲ, ನಾನೂ ಕೇಳಿಲ್ಲ. ಮಕ್ಕಳು ಹುಟ್ಟಿದ್ವು, ಬೆಳೆದ್ವು. ನನ್ನ ಇಷ್ಟಪಟ್ಟು ಕಟ್ಕೊಂಡ್ರೋ, ಯಾರಾದ್ರೇನು ಅಂತ ಕಟ್ಕೊಂಡ್ರೋ, ನಂಗೆ ಇವತ್ತಿಗೂ ಗೊತ್ತಿಲ್ಲ.”

ನಗುತ್ತಲೇ ಹೇಳಿದಳು. 

೪

ಕೊನೆಯದಕ್ಕಿಂತ ಹಿಂದಿನ ಎಪಿಸೋಡಿನಲ್ಲಿ ಆ ಮಕ್ಕಳು ಶಾಲೆ ಬಿಡುವ ದಿನ. ಜಪಾನಿನಲ್ಲಿ ಆ ದಿನ ಹುಡುಗಿಯರು ತಮ್ಮ ಮನಸ್ಸಿಗೆ ಬಂದವನ ಕೋಟಿನ ಎರಡನೆಯ ಗುಂಡಿಯನ್ನು ಕೇಳಿ ಇಸಿದುಕೊಳ್ಳುತ್ತಾರೆ. ಎದೆಗೆ ಹತ್ತಿರದ್ದು ಅದೇ ತಾನೇ. ಸೀರಿಯಲ್ಲಿನ ಹುಡುಗಿ ನಾಚುತ್ತ ಕೈಚಾಚಿದಾಗ ಮಿನೆಕೊಗೆ ಫಕ್ಕನೆ ಏನೋ ಹೊಳೆಯಿತು. ಎದ್ದವಳೇ ತೀರಿಹೋದ ಅತ್ತೆಯ ಪೆಟ್ಟಿಗೆ ತೆಗೆದಳು. ಮಗನ ಸ್ಕೂಲ್ ಕೋಟನ್ನು ಅತ್ತೆ ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದರು. ಎರಡನೆಯ ಗುಂಡಿಯ ಜಾಗದಲ್ಲಿ ದಾರ ನೇತಾಡುತ್ತಿತ್ತು. ಯಾವಳೋ ಕೇಳಿ ಪಡೆದಿದ್ದಾಳೆ, ಅಂದುಕೊಂಡಳು.

(ಇಲ್ಲಿ ನನಗೆ ದುರಾಸೆ ಹುಟ್ಟಿತು. ಸೋಯಾ ಹಾಲಿನ ತೋಫು ಮಾಡಿ ಮಾರುವ ಹಿಸಾಯೆ ಕುನಿಯೊನ ಕ್ಲಾಸಿನವಳು. ಗುಂಡಿ ಅವಳ ಹತ್ತಿರ ಇದೆಯೆಂದು ಮೂರು ಪುಟ ಗೀಚಿ ಮಿನೆಕೊಗೆ ತೋರಿಸಿದೆ. ಅವಳು ಕತ್ತರಿ ಹಿಡಿದಿದ್ದಳು, ನನ್ನ ಕಿವಿ ಅದರ ಪಕ್ಕದಲ್ಲೇ ಇತ್ತು. ಆ ಪುಟಗಳು ಈಗಿಲ್ಲ.)

ಪುಟಗಳು ಹೋದವು, ಅನುಮಾನ ಉಳಿಯಿತು. ಮಿನೆಕೊ ಸೂಪರ್‌ಮಾರ್ಕೆಟ್ಟಿನಿಂದ ತೋಫು ತರತೊಡಗಿದಳು.

೫

ಮುಂದಿನ ಸೋಮವಾರ, ಮಧ್ಯಾಹ್ನದ ಊಟದ ಹೊತ್ತು.

“ಇದೇನೇ ಈ ತೋಫು, ರಬ್ಬರ್ ಇದ್ದಂಗಿದೆ?”

“ಯಾಕೆ, ಹಿಸಾಯೆ ಕೈಯಿಂದೇ ಆಗ್ಬೇಕಾ?”

ಕುನಿಯೊ ಊಟದ ಕಡ್ಡಿ ಕೆಳಗಿಟ್ಟ. ಮಿನೆಕೊ ಕೋಟು ತಂದು ಅವನ ಮುಂದೆ ಹಾಸಿದಳು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಕಿವಿಯವರೆಗೂ ಕೆಂಪಾದ.

“ಯಾರಿಗೆ ಕೊಟ್ರಿ?”

“ಯಾರಿಗೂ ಇಲ್ಲ.”

“ಮತ್ತೆ ರೆಕ್ಕೆ ಬಂದು ಹಾರಿಹೋಯ್ತಾ?”

“ನಾನೇ ಕಿತ್ತೆ ಕಣೇ. ಯಾರೂ ಕೇಳ್ಲಿಲ್ಲ. ಜೊತೆಯವರ ಕೋಟಲ್ಲೆಲ್ಲ ದಾರ ಜೋತಾಡ್ತಿತ್ತು, ನಂದು ಮಾತ್ರ ಐದಕ್ಕೈದೂ ಮಿರಿಮಿರಿ ಅಂತಿತ್ತು. ಹಂಗೇ ಮನೆಗೆ ಹೋದ್ರೆ ಅಮ್ಮ ನೋಡ್ತಾಳಲ್ಲ. ದಾರೀಲಿ ಹಲ್ಲಿಂದ ಕಚ್ಚಿ ಕಿತ್ತು ಕಡಲಿಗೆ ಎಸೆದೆ.”

“ಅತ್ತೆ ಏನಂದ್ರು?”

“ಏನೂ ಅನ್ಲಿಲ್ಲ. ಅವತ್ತು ಕೆಂಪು ಕಾಳು ಹಾಕಿ ಅನ್ನ ಮಾಡಿದ್ಲು.”

ಅದು ಶುಭಕ್ಕೆ ಮಾಡುವ ಅನ್ನ. ಮಿನೆಕೊಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಗುಂಡಿ ಪಡೆದ ಆ ಹುಡುಗಿ ಯಾರಿರಬಹುದೆಂದು ಅತ್ತೆ ಸಾಯುವವರೆಗೂ ಯೋಚಿಸಿರಬೇಕು. ಒಬ್ಬನೇ ನಿಂತು ಗುಂಡಿ ಕಚ್ಚುತ್ತಿದ್ದ ಆ ಹದಿನೆಂಟರ ಪೋರನ ಮೇಲೆ ಅವಳಿಗೆ ಎಲ್ಲಿಲ್ಲದ ಅಕ್ಕರೆ ಬಂತು.

“ನಾನಿದ್ದಿದ್ರೆ ಕೇಳ್ತಿದ್ದೆ,” ಅಂದಳು. ಬಾಯಿತಪ್ಪಿ ಬಂದುಬಿಟ್ಟಿತು.

೬

ಮುಕ್ತಾಯ, ಒಂದನೆಯ ಯತ್ನ: ಕುನಿಯೊ ಎದ್ದುಹೋಗಿ, ಅಂಗಡಿಯ ಬಿಳಿ ಕೋಟಿನ ಎರಡನೆಯ ಗುಂಡಿ ಕಿತ್ತು ಹೆಂಡತಿಯ ಅಂಗೈಲಿಡುತ್ತಾನೆ. ನೀವು ಮೂಗು ಒರೆಸಿಕೊಳ್ಳುತ್ತೀರಿ. (“ನಾಳೆ ಗಿರಾಕಿ ಬರ್ತಾರೆ ಸ್ವಾಮಿ, ಎದೆ ಬಿಟ್ಕೊಂಡು ನಿಲ್ಲಲಾ?” ಎಂದು ಕುನಿಯೊ ತಕರಾರು ತೆಗೆದ.)

ಎರಡನೆಯ ಯತ್ನ: ಕಡಲು ಆ ಗುಂಡಿಯನ್ನು ವಾಪಸು ತಂದುಕೊಡುತ್ತದೆ. (“ಹಿತ್ತಾಳೆ ಗುಂಡಿ ತೇಲುತ್ತಾ?” ಎಂದಳು ಮಿನೆಕೊ. ಅದನ್ನೂ ಹೊಡೆದುಹಾಕಿದೆ.)

೭

ನಡೆದದ್ದು ಇಷ್ಟೇ. ಕುನಿಯೊ ಮಂಡಿಯೂರಿ ನೆಟ್ಟಗೆ ಕೂತ. ಮದುವೆಯ ಮಾತುಕತೆಗೆ ಹೋಟೆಲಿನಲ್ಲಿ ಹಾಗೆ ಕೂತಿದ್ದ, ಆಮೇಲೆ ಇವತ್ತೇ.

“ಲೇ... ನಾನು ಯಾವತ್ತೂ... ಅಂದ್ರೆ ಅವತ್ತು ಫೋಟೊ ನೋಡಿದಾಗ್ಲೇ ನಂಗೆ...”

“ತಡೀರಿ.”

“ಹೇಳ್ತಿದ್ದೀನಲ್ಲೇ.”

“ಗೊತ್ತಾಯ್ತು, ಹೇಳ್ತೀರಿ ಅಂತ. ಇವತ್ತು ಬೇಡ. ಒಂದಷ್ಟು ದಿನ ಕಾಯ್ತೀನಿ. ನಂಗೆ ಕಾಯೋದು ಅನ್ನೋದೇ ಸಿಕ್ಕಿರ್ಲಿಲ್ಲ.”

“ಎಷ್ಟು ದಿನ?”

“ಅದನ್ನೂ ಹೇಳ್ಬಿಟ್ರೆ ಕಾಯೋದು ಹೇಗ್ರೀ?”

ಆಮೇಲೆ ನನ್ನ ಕಡೆ ತಿರುಗಿದಳು. “ಕಥೆಗಾರ್ರೇ, ನೀವೂನೂ. ಮುಗಿಸ್ಬಿಡೋ ಆತುರ ಬೇಡ.”

ಕುನಿಯೊನ ವಾಕ್ಯದ ಉಳಿದ ಅರ್ಧ ನನಗೆ ಗೊತ್ತು. ನಿಮಗೂ ಗೊತ್ತು. ಬರೆಯುವುದಿಲ್ಲ.

ಮಂಗಳವಾರ ಬೆಳಗ್ಗೆ ಅಂಗಡಿಗೆ ಹೋದೆ. ಮಿನೆಕೊ ಕೂದಲು ಗುಡಿಸುತ್ತಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ಕುನಿಯೊ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತ ಅವಳತ್ತ ತಿರುಗಿ, “ಲೇ,” ಅಂದ. ಪೊರಕೆ ನಿಂತಿತು. ಮಿನೆಕೊಳ ಕೆನ್ನೆ ಕೆಂಪೇರಿತು. ಕುರ್ಚಿಯಲ್ಲಿದ್ದ ಗಿರಾಕಿ, ಬೆಂಚಿನ ಮೇಲಿದ್ದ ನಾನು, ಇಬ್ಬರೂ ಉಸಿರು ಬಿಗಿಹಿಡಿದೆವು.

“ಟವೆಲ್ ಕೊಡು,” ಅಂದ ಕುನಿಯೊ.